ಸ್ಟೇರಿಂಗ್ ಗೇರಿನ ಲಾರಿ, ಸಿಮೆಂಟಿನ ಕಟ್ಟೆ

ನಾನು ಸಾಲಿ ಬಿಟ್ಟದ್ದು ೧೯೮೪ರಲ್ಲಿ, ಎಂಟನೇ ಇಯತ್ತೆಯ ನಡುವೆ. ಮನೆಯಲ್ಲಿ ಕಷ್ಟವಿತ್ತು, ಓದಬೇಕೆಂಬ ಆಸೆ ಎದೆಯಲ್ಲಿ ಉರಿಯುತ್ತಿತ್ತು ಅಂತೆಲ್ಲ ಬರೆದರೆ ಓದುವವರಿಗೆ ಹಿತವಾಗಿರುತ್ತದೆ ಅಂತ ನನಗೂ ಗೊತ್ತು. ಖರೇ ಹೇಳಬೇಕೆಂದರೆ ಉರಿಯುತ್ತಿರಲಿಲ್ಲ. ಬ್ಯಾಡಗಿಯ ನಮ್ಮ ಸಾಲಿಯ ಕಿಟಕಿಯಿಂದ ರಸ್ತೆ ಕಾಣುತ್ತಿತ್ತು, ರಸ್ತೆಯ ಆಚೆ ಒಂದು ಗ್ಯಾರೇಜು ಕಾಣುತ್ತಿತ್ತು. ಅಲ್ಲಿ ದಿನಾ ಒಂದಿಲ್ಲೊಂದು ಗಾಡಿಯ ಹೊಟ್ಟೆ ಬಿಚ್ಚಿಟ್ಟಿರುತ್ತಿದ್ದರು. ಇಲ್ಲಿ ಕರಿಹಲಗೆಯ ಮೇಲೆ ಬರೆದದ್ದನ್ನು ಸಂಜೆಗೆ ಒರಸುತ್ತಿದ್ದರು. ಅಲ್ಲಿ ಬಿಚ್ಚಿದ್ದು ಸಂಜೆಗೆ ತಾನೇ ಓಡಿಕೊಂಡು ಮನೆಗೆ ಹೋಗುತ್ತಿತ್ತು. ಒಂದು ದಿನ ಪಾಟಿಚೀಲ ಹೆಗಲಿಗೆ ಹಾಕಿಕೊಂಡೇ ರಸ್ತೆ ದಾಟಿದೆ. ಆ ಚೀಲದಲ್ಲಿ ಆಮೇಲೆ ಬಹಳ ವರ್ಷ ನಟ್ಟು ಬೋಲ್ಟು ಇಟ್ಟಿದ್ದೆ. ಪುಸ್ತಕಕ್ಕಿಂತ ಅವು ಅದರಲ್ಲಿ ಚೊಲೊ ಕೂಡುತ್ತಿದ್ದವು.

ಗ್ಯಾರೇಜಿನಲ್ಲಿ ನಾನು ಮೊದಲು ಕೈಯಿಟ್ಟ ಗಾಡಿ ಊರಿನ ಒಬ್ಬ ಮೆಣಸಿನಕಾಯಿ ಸಾವ್ಕಾರರ ಲಾರಿ. ಯಾವ ಕಾಲದಲ್ಲೋ ಹಡಗು ಹತ್ತಿ ಬಂದದ್ದು. ಈಗಿನ ಲಾರಿಗಳ ಪಕ್ಕಕ್ಕೆ ನಿಲ್ಲಿಸಿದರೆ ಮೊಮ್ಮಗಳ ಮದುವೆಗೆ ಬಂದ ಮುದುಕಿಯಷ್ಟು ಸಣ್ಣದು, ಅಷ್ಟೇ ಬಿಗುಮಾನ. ಅದರ ವಿಶೇಷವೆಂದರೆ ಗೇರು. ಬೇರೆ ಗಾಡಿಗಳಲ್ಲಿ ಗೇರಿನ ಹಿಡಿಕೆ ನೆಲದಿಂದ ಎದ್ದು ನಿಂತಿರುತ್ತದಲ್ಲ, ಇದರಲ್ಲಿ ಅದು ಸ್ಟೇರಿಂಗ್ ಚಕ್ರದ ಕೆಳಗೆ, ಕಂಬದ ಎಡಮಗ್ಗುಲಿಗೆ ಅಂಟಿಕೊಂಡಿದೆ. ಎದೆಯ ಕಡೆ ಎಳೆದು ಕೆಳಗೆ ಒತ್ತಿದರೆ ಫಸ್ಟು, ಮೇಲೆ ಎತ್ತಿದರೆ ರಿವರ್ಸು. ಎಳೆಯದೆ ಮೇಲೆ ಮಾಡಿದರೆ ಸೆಕೆಂಡು, ಕೆಳಗೆ ಮಾಡಿದರೆ ಟಾಪು. ಮುಗಿಯಿತು. ಊರಲ್ಲಿ ಇದಕ್ಕೆ ಸ್ಟೇರಿಂಗ್ ಗೇರಿನ ಲಾರಿ ಅಂತಲೇ ಹೆಸರು. ಹೊಸ ಡ್ರೈವರು ಹತ್ತಿ ಕೂತರೆ ಎಡಗೈಯಿಂದ ಕೆಳಗೆ ಗಾಳಿಯಲ್ಲಿ ಹುಡುಕಾಡುತ್ತಿದ್ದ, ದೇವಸ್ಥಾನದ ಹೊರಗೆ ಚಪ್ಪಲಿ ಕಳಕೊಂಡವನ ಹಾಗೆ. ನೆಲದಲ್ಲಿ ಏನೂ ಇಲ್ಲದ್ದರಿಂದ ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು. ಮೂವರು ಕೂಡಬಹುದು, ನಡುವಿನವನ ಮೊಣಕಾಲಿಗೆ ಏನೂ ಬಡಿಯುವುದಿಲ್ಲ.

ಸಾವ್ಕಾರರ ಹೊಲ ಕದರಮಂಡಲಗಿಯಲ್ಲಿ. ಪ್ರತಿ ಹಂಗಾಮಿನ ಮೊದಲ ಮೆಣಸಿನಕಾಯಿ ಚೀಲಗಳು ಒಂದು ಶನಿವಾರ ಈ ಲಾರಿಯಲ್ಲೇ ಬರಬೇಕು, ಆಂಜನೇಯನ ಗುಡಿಯ ಮುಂದೆ ನಿಂತು ಕಾಯಿ ಒಡೆಸಿಕೊಂಡು ಬ್ಯಾಡಗಿ ಮಾರ್ಕೆಟ್ಟು ಸೇರಬೇಕು. ಅವರ ಅಪ್ಪ ಹಾಗೆ ತಂದರು, ಸಾವ್ಕಾರರೂ ತಾವೇ ನಡೆಸಿಕೊಂಡು ತಂದರು. ಉಳಿದ ಮಾಲಿಗೆ ದೊಡ್ಡ ಲಾರಿಗಳಿದ್ದವು. ಇದು ವರ್ಷಕ್ಕೊಮ್ಮೆ ಹೇರಿಕೊಂಡು, ಉಳಿದ ದಿನ ಊರೊಳಗೆ ಸಣ್ಣಪುಟ್ಟ ಕೆಲಸ ಮಾಡಿಕೊಂಡು, ತಿಂಗಳಿಗೊಮ್ಮೆ ನನ್ನ ಹತ್ತಿರ ಬಂದು ಎಣ್ಣೆ ಕುಡಿದು ಹೋಗುತ್ತಿತ್ತು. ಹಳೆಯ ಮೇಸ್ತ್ರಿ ತೀರಿಕೊಂಡ ಮೇಲೆ ಗ್ಯಾರೇಜು ನನ್ನದಾಯಿತು, ಲಾರಿಯ ಕಾಳಜಿಯೂ ನನ್ನದಾಯಿತು. ಬ್ರೇಕು ಕೆಟ್ಟಿತ್ತು, ರೇಡಿಯೇಟರ್ ಸೋರಿತ್ತು, ಒಮ್ಮೆ ಬಾಗಿಲೇ ಕಳಚಿ ಕೈಗೆ ಬಂದಿತ್ತು. ಗೇರು ಮಾತ್ರ ಎಂದೂ ಕೆಟ್ಟಿರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿರಿ, ನಾನು ಇದನ್ನೇ ನೆನಪಿಟ್ಟುಕೊಂಡು ಕೆಟ್ಟೆ.

ಈಗ ಸಾವ್ಕಾರರಿಗೆ ವಯಸ್ಸಾಗಿದೆ, ಎಡಗಾಲಿನ ಮೊಣಕಾಲು ಮಡಚುವುದಿಲ್ಲ. ವ್ಯವಹಾರವೆಲ್ಲ ಮಗನದು. ಊರಲ್ಲಿ ಅವನನ್ನು ಸಣ್ಣ ಸಾವ್ಕಾರ ಅಂತಾರೆ, ಎತ್ತರದಲ್ಲಿ ಅಪ್ಪನಿಗಿಂತ ಒಂದು ಗೇಣು ಜಾಸ್ತಿಯೇ ಇದ್ದಾನೆ. ಅವನು ಮೋಟೆಬೆನ್ನೂರಿನ ಹತ್ತಿರ ಹೈವೇ ಬದಿಗೆ ಒಂದು ಹೋಟೆಲು ತೆಗೆದ. ಹಳ್ಳಿ ಊಟದ ಹೋಟೆಲು. ಒಳಗೆ ಹೋದರೆ ಗೋಡೆಗೆ ನೊಗ, ಸೂರಿಗೆ ಕಂದೀಲು, ಬೀಸುಕಲ್ಲಿನ ಮೇಲೆ ಗಾಜು ಕೂರಿಸಿ ಮಾಡಿದ ಮೇಜು. ಹೊಲದಲ್ಲಿ ಕೆಲಸ ಹೋದವೆಲ್ಲ ಅಲ್ಲಿ ನೌಕರಿಗೆ ಸೇರಿದ್ದವು. ರೊಟ್ಟಿ ಬಡಿಯುವ ಹೆಣ್ಣುಮಗಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿದ್ದರು, ಉಣ್ಣುವವರು ನೋಡಲಿ ಅಂತ. ನಾನು ಹೋದಾಗ ಆಕೆಯೇ ಉಣ್ಣುವವರನ್ನು ನೋಡುತ್ತ ಕೂತಿದ್ದಳು, ಚೊಲೊ ಹೊತ್ತು ಹೋಗುತ್ತಿತ್ತು ಆಕೆಗೆ.

ಇಂಥ ಹೋಟೆಲಿಗೆ ಒಂದು ಹಳೇ ಲಾರಿ ಇದ್ದರೆ ಶೋಭೆ ಅಂತ ಅವನಿಗೆ ಅನಿಸಿತು. ಲಾರಿಯನ್ನು ದೂರದ ದೊಡ್ಡ ಊರಿಗೆ ಕಳಿಸಿದ. ಅಲ್ಲಿ ಹಳೇ ಗಾಡಿಗಳನ್ನು ಹೊಸದು ಮಾಡುವ ಒಂದು ಜಾಗವಿದೆಯಂತೆ. ಅದಕ್ಕೆ ಗ್ಯಾರೇಜು ಅನ್ನುವುದಿಲ್ಲವಂತೆ, ಸ್ಟುಡಿಯೋ ಅನ್ನುತ್ತಾರಂತೆ. ಕೆಲಸ ಮಾಡುವವರು ಕಪ್ಪು ಏಪ್ರನ್ ಹಾಕಿಕೊಂಡು ಬಿಳಿ ಕೈಗವಸು ತೊಡುತ್ತಾರಂತೆ. ನಮ್ಮಲ್ಲಿ ಆ ವೇಷದವರ ಹತ್ತಿರ ಹೋದರೆ ಹಲ್ಲು ಕೀಳುತ್ತಾರೆ.

ವರ್ಷದ ಹತ್ತಿರ ಲಾರಿ ಅಲ್ಲಿತ್ತು. ತಿರುಗಿ ಬಂದದ್ದು ಹಾವೇರಿಯವರೆಗೆ ಟ್ರೇಲರಿನ ಮೇಲೆ. ಅಲ್ಲಿಂದ ತಾನೇ ನಡೆಸಿಕೊಂಡು ಬರಬೇಕೆಂದು ಸಣ್ಣ ಸಾವ್ಕಾರ ಮುಂದೆ ಫೋನು ಸಿಕ್ಕಿಸಿ, ವಿಡಿಯೋ ಶುರು ಮಾಡಿ, ಬಸ್‌ಸ್ಟ್ಯಾಂಡಿನ ಹತ್ತಿರದ ಸರ್ಕಲ್ಲಿಗೆ ಬಂದ. ನನ್ನ ಫೋನು ಹೊಡೆದುಕೊಂಡಿತು.

"ಕಾಕಾ, ಗೇರ್ ಬೀಳವಲ್ದು."

"ಯಾವ ಗೇರ್?"

"ಯಾವದೂ. ಮುಂದೂ ಹೋಗವಲ್ದು ಹಿಂದೂ ಹೋಗವಲ್ದು. ಲಗೂ ಬಾ. ಹಿಂದ ಬಸ್ಸಿನವ ಹಾರ್ನ್ ಮ್ಯಾಲಿನ ಕೈ ತಗೀವಲ್ಲ."

ನಾನು ಮೋಟರ್‌ಸೈಕಲ್ ಮೇಲೆ ಹಾವೇರಿ ಮುಟ್ಟಿದಾಗ ಲಾರಿಯ ಸುತ್ತ ಜಾತ್ರೆ ಕೂಡಿತ್ತು. ಲಾರಿಯನ್ನು ನಾನೇ ಗುರುತು ಹಿಡಿಯಲಿಲ್ಲ. ಮೈತುಂಬ ಒಣ ಮೆಣಸಿನಕಾಯಿಯ ಕಡುಗೆಂಪು, ಕನ್ನಡಿಯಂಥ ಬಂಪರು, ಚರ್ಮದ ಸೀಟು, ಹಾಡು ಕೇಳಲು ಡಬ್ಬಿ. ಪೊಲೀಸಪ್ಪ ಮೊದಲು ಬೈದ, ಆಮೇಲೆ ಲಾರಿಯ ಜೊತೆ ಫೋಟೋ ತೆಗೆಸಿಕೊಂಡ, ಆಮೇಲೆ ಉಳಿದದ್ದನ್ನು ಬೈದ. ಹಾವೇರಿಯ ಪ್ರತಿಯೊಬ್ಬನಲ್ಲೂ ಒಂದು ಅಭಿಪ್ರಾಯವಿತ್ತು. ಒಬ್ಬ ಪೆಟ್ರೋಲು ಕಲಬೆರಕೆ ಅಂದ. ಇನ್ನೊಬ್ಬ ಬ್ಯಾಟರಿ ಅಂದ. ಮತ್ತೊಬ್ಬ ಒಳಗೆ ಇಣುಕಿ, "ಇದಕ್ಕ ಗೇರ್ ಹಾಕೋದ ಮರ್ತಾರ್ರೀ, ನೆಲ ಬರೇ ಐತಿ" ಅಂದ. ಅವನ ಮೇಲೆ ನನಗೆ ಪ್ರೀತಿ ಬಂತು, ಕಡೆಗೆ ಗೇರಿನ ಬಗ್ಗೆಯಾದರೂ ಮಾತಾಡಿದನಲ್ಲ.

ಬಾನೆಟ್ ಎತ್ತಿದೆ. ಈ ಲಾರಿಯ ಸ್ಟೇರಿಂಗ್ ಕಂಬದ ಬುಡದಲ್ಲಿ ಎರಡು ಕಬ್ಬಿಣದ ತೋಳುಗಳಿವೆ, ಒಂದರ ಕೆಳಗೊಂದು. ಒಂದು ಫಸ್ಟು ಮತ್ತು ರಿವರ್ಸಿನದು, ಇನ್ನೊಂದು ಸೆಕೆಂಡು ಮತ್ತು ಟಾಪಿನದು. ಎರಡರಿಂದಲೂ ಒಂದೊಂದು ಕಂಬಿ ಕೆಳಗೆ ಗೇರ್‌ಬಾಕ್ಸಿಗೆ ಹೋಗುತ್ತದೆ. ಒಂದು ತೋಳು ಹೊರಟಾಗ ಇನ್ನೊಂದು ಸುಮ್ಮನೆ ನಿಂತಿರಬೇಕು. ಎರಡೂ ಕೂಡಿಯೇ ಹೊರಟವೋ, ಸಣ್ಣ ಬಾಗಿಲಲ್ಲಿ ಇಬ್ಬರು ದಪ್ಪ ಬೀಗರು ಒಮ್ಮೆಲೇ ಹೊಕ್ಕ ಹಾಗೆ. ಒಳಗೂ ಇಲ್ಲ, ಹೊರಗೂ ಇಲ್ಲ. ನಾನು ಕೈ ಇಳಿಬಿಟ್ಟು ಎರಡನ್ನೂ ಅಲುಗಾಡಿಸಿ ಒಂದೇ ಸಮಕ್ಕೆ ತಂದೆ. ಟಕ್ ಅಂತ ಬಿಟ್ಟಿತು. ಮಂದಿ ಚಪ್ಪಾಳೆ ತಟ್ಟಿದರು. ಸಣ್ಣ ಸಾವ್ಕಾರ, "ಕಾಕಾ, ಇನ್ನೊಮ್ಮೆ ಮಾಡು, ವಿಡಿಯೋ ತಗೊಂತೀನಿ" ಅಂದ. ನಾನೂ ಮಾಡಿದೆ, ಯಾಕೆ ಸುಳ್ಳು ಹೇಳಲಿ.

ಆ ವಿಡಿಯೋ ನಾವು ಮೋಟೆಬೆನ್ನೂರು ಮುಟ್ಟುವುದರೊಳಗೆ ಊರೆಲ್ಲ ತಿರುಗಿತ್ತು. ಮೋಟೆಬೆನ್ನೂರಿನಲ್ಲಿ, ಸರಿಯಾಗಿ ಅವನ ಹೋಟೆಲಿನ ಮುಂದೆ, ಲಾರಿ ಮತ್ತೆ ಹಾಗೆಯೇ ಸಿಕ್ಕಿಹಾಕಿಕೊಂಡಿತು. ಹಿಂದಿನಿಂದ ಬಂದ ದೊಡ್ಡ ಲಾರಿಯೊಂದು ಕಿರ್ರ್ ಅಂತ ಬ್ರೇಕು ಹೊಡೆದು ನಮ್ಮಿಂದ ಒಂದು ಮಾರು ದೂರದಲ್ಲಿ ನಿಂತಿತು. ಸಣ್ಣ ಸಾವ್ಕಾರನ ಮುಖ ಸುಣ್ಣದಂತಾಯಿತು. ಈ ಸಲ ಅವನು ವಿಡಿಯೋ ತೆಗೆಯಲಿಲ್ಲ.

ಹೋಟೆಲಿನ ಅಂಗಳದಲ್ಲಿ ಒಂದು ಸಿಮೆಂಟಿನ ಕಟ್ಟೆ ಆಗಲೇ ತಯಾರಿತ್ತು. ಸುತ್ತ ಲೈಟು, ಹತ್ತಿಸಲು ಇಳಿಜಾರು, ಗಾಲಿ ಕೂಡಲು ನಾಲ್ಕು ಗುಣಿ. ಶೋಭೆಗೆ ಅಂತ ಆಗಾಗ ಲಾರಿಯನ್ನು ಅಲ್ಲಿ ನಿಲ್ಲಿಸುವುದು ಅವನ ಮೊದಲಿನ ವಿಚಾರವಾಗಿತ್ತು. ಈಗ ಆ ಗುಣಿಗಳನ್ನು ನೋಡುತ್ತ ನಿಂತು, "ಕಾಕಾ, ಅಪ್ಪ ಇದರಾಗ ಕುಂತಾಗ ಹಿಂಗ ಆಗಿದ್ರ?" ಅಂದ. ಆಮೇಲೆ ಅವನೇ ಅಂದ: "ಶನಿವಾರ ಮೊದಲ ಮಾಲು ಬರೋದೈತಿ. ಅಷ್ಟರಾಗ ನೀ ಸರಿ ಮಾಡು. ಕದರಮಂಡಲಗಿಯಿಂದ ಮಾರ್ಕೆಟ್ಟಿಗೆ ಒಂದ ಸಲಾನೂ ಸಿಕ್ಕೊಳ್ದ ಬಂತಂದ್ರ ಬಂತು. ಸಿಕ್ಕೊಂತಂದ್ರ ಸೀದಾ ಕಟ್ಟಿ ಮ್ಯಾಲೆ. ಗಾಲಿಗೆ ಸಿಮೆಂಟ್ ಹಾಕಸ್ತೀನಿ. ಮತ್ತ ಯಾರೂ ಹತ್ತಂಗಿಲ್ಲ."

ಮರುದಿನ ಬೆಳಿಗ್ಗೆ ಸಾವ್ಕಾರರು ಕೋಲೂರಿಕೊಂಡು ನನ್ನ ಗ್ಯಾರೇಜಿಗೆ ಬಂದರು. ರಾತ್ರಿಯೇ ಎಳೆದು ತಂದು ನಿಲ್ಲಿಸಿದ್ದ ಲಾರಿಯ ಕಡೆ ನೋಡಲಿಲ್ಲ. ಹಳೇ ಟೈರಿನ ಮೇಲೆ ಕೂತು, ಚಹಾ ಬಂದ ಮೇಲೆ ಕೇಳಿದರು:

"ಮೇಸ್ತ್ರಿ, ಆ ಕಟ್ಟಿ ನೋಡಿಯೇನು?"

"ನೋಡೇನ್ರಿ."

"ಲೈಟ್ ಹಾಕ್ಸ್ಯಾನ. ಹಬ್ಬಕ್ಕೊಮ್ಮೆ ಹೂವಿನ ಮಾಲಿ ಹಾಕಸ್ತಾನಂತ. ಬಂದ ಮಂದಿ ಮುಂದ ನಿಂತು ನೋಡಿ ಹೋಗ್ತಾರಂತ." ಚಹಾ ತಟ್ಟೆಗೆ ಸುರುವಿಕೊಂಡರು, ಕುಡಿಯಲಿಲ್ಲ. "ನಮ್ಮಾಗ ಮಾಲಿ ಹಾಕಿ, ಕಟ್ಟಿ ಮ್ಯಾಲೆ ಕುಂದರ್ಸಿ, ಮಂದಿ ಬಂದು ನೋಡಿ ಹೋಗೂದು ಯಾರನ್ನೋ?"

ನಮ್ಮ ಕಡೆ ಜೀವ ಹೋದವರನ್ನು ಹಾಗೆ ಕೂರಿಸುತ್ತಾರೆ. ಗೋಡೆಗೆ ಒರಗಿಸಿ, ರುಮಾಲು ಸುತ್ತಿ, ಹೂ ಹಾಕಿ. ನಾನು ನಟ್ಟು ಬಿಚ್ಚುವ ಪಾನಾ ಒರಸುತ್ತ ನಿಂತೆ.

"ಶನಿವಾರ ಹೊರಡಸ್ತೀನ್ರಿ ಸಾವ್ಕಾರ್ರ. ಇದರ ಒಳಗ ಹೊರಗ ನನಗ ಗೊತ್ತಿರಲಾರದ್ದು ಏನೂ ಇಲ್ಲ."

ದೊಡ್ಡ ಮಾತು. ಆದರೆ ಆಗ ನಂಬಿಯೇ ಆಡಿದ್ದೆ. ನನ್ನ ಲೆಕ್ಕ ಹೀಗಿತ್ತು: ಆ ತೋಳು ಕಂಬಿ ಇಷ್ಟು ವರ್ಷದಲ್ಲಿ ಎಂದೂ ತಕರಾರು ಮಾಡಿಲ್ಲ. ಕೈಯಲ್ಲಿ ಅಲುಗಿಸಿದೆ, ಹೊಸ ಬಣ್ಣ ದಪ್ಪಗೆ ಬಳಿದದ್ದರಿಂದ ಎಲ್ಲ ಬಿಗಿಯಾಗಿಯೇ ಇದ್ದವು. ಅಂದಮೇಲೆ ರೋಗ ಗೇರ್‌ಬಾಕ್ಸಿನ ಒಳಗೇ ಇರಬೇಕು. ಸ್ಟುಡಿಯೋದವರೇ ಏನೋ ತಪ್ಪು ಜೋಡಿಸಿದ್ದಾರೆ.

ಸಣ್ಣ ಸಾವ್ಕಾರ ಅವರಿಗೆ ವಿಡಿಯೋ ಕಾಲ್ ಹಚ್ಚಿದ. ಆ ಕಡೆ ಗಡ್ಡ ಚೂಪಾಗಿ ಕತ್ತರಿಸಿದ ಒಬ್ಬ ಮನುಷ್ಯ ಕಾಫಿ ಹಿಡಿದುಕೊಂಡು ಬಂದ.

"ಸಾರ್, ನಾವು ಬಾಕ್ಸ್ ಓಪನ್ನೇ ಮಾಡಿಲ್ಲ ಸಾರ್. ಸ್ವಲ್ಪ ಸಿಕ್ಕಿಹಾಕಿಕೊಳ್ಳುತ್ತೆ, ಹಳೇ ಗಾಡಿ ಅಲ್ವಾ, ಅದೇ ಅದರ ಕ್ಯಾರೆಕ್ಟರು. ಎಷ್ಟು ಕೊಳಕಿತ್ತು ಗೊತ್ತಾ? ಫೋಟೋ ತೋರಿಸ್ತೀನಿ, ಮೊದಲು ಹೇಗಿತ್ತು, ಆಮೇಲೆ ಹೇಗಾಯ್ತು ಅಂತ."

ತೋರಿಸಿದ. 'ಮೊದಲು' ಅನ್ನುವ ಫೋಟೋದಲ್ಲಿ ಸ್ಟೇರಿಂಗಿನ ಬುಡದಲ್ಲಿ ಬಾವಲಿ ಜೋತುಬಿದ್ದ ಹಾಗೆ ಒಂದು ಕರೀ ಉಂಡೆ. ನನಗೆ ಅದು ಚೊಲೊ ಪರಿಚಯದ ಉಂಡೆ. ಪ್ರತಿ ತಿಂಗಳು ಎಣ್ಣೆ ಬಿಡುವಾಗ ಅದರ ಮೇಲೆಯೇ ಬಿಡುತ್ತಿದ್ದೆ. 'ಆಮೇಲೆ' ಅನ್ನುವುದರಲ್ಲಿ ಅದು ಇಲ್ಲ, ಎಲ್ಲ ಫಳಫಳ. ಈ ಒಂದು ಕೆಲಸವಾದರೂ ನೆಟ್ಟಗೆ ಮಾಡಿದ್ದಾರೆ ಅಂತ ನಾನೇ ತಲೆದೂಗಿದೆ.

ಗೇರ್‌ಬಾಕ್ಸು ಇಳಿಸಿದೆವು. ಅದನ್ನು ಟಂಟಂ ಗಾಡಿಗೆ ಹೇರಿಕೊಂಡು ರಾಣೆಬೆನ್ನೂರಿಗೆ ಹೋದೆ. ಅಲ್ಲಿ ನನ್ನ ಹಳೆಯ ದೋಸ್ತ ಒಬ್ಬನಿದ್ದಾನೆ, ಗೇರ್‌ಬಾಕ್ಸೇ ಅವನ ಬಾಳು, ಪಕ್ಕದಲ್ಲಿ ಕಬ್ಬಿಣ ಕಡೆಯುವ ಒಂದು ಲೇತು. ನಾವಿಬ್ಬರೂ ಒಂದೇ ಗ್ಯಾರೇಜಿನಲ್ಲಿ ಕೆಲಸ ಕಲಿತವರು. ಅಂದಿನಿಂದ ಒಬ್ಬರ ತಪ್ಪನ್ನು ಇನ್ನೊಬ್ಬರು ಬಹಳ ಜತನದಿಂದ ನೆನಪಿಟ್ಟಿದ್ದೇವೆ. ಅವನು ಮುಚ್ಚಳ ತೆಗೆದ, ಒಂದೊಂದೇ ಗೇರು ಬೆರಳಲ್ಲಿ ತಿರುಗಿಸಿದ, ದೀಪ ಹಿಡಿದು ನೋಡಿದ. ಆಮೇಲೆ ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದ:

"ಲೇ ದೋಸ್ತ, ಇದನ್ನ ಯಾಕ ತಂದಿ? ತೋರ್ಸಾಕ?"

"ರಿಪೇರಿಗೆ."

"ಇದಕ್ಕ ಏನಾಗೇತಿ? ಮದುವಿ ಮಾಡಿಕೊಡೂ ಹಂಗ ಐತಿ. ಹಾವೇರಿ ಸರ್ಕಲ್‌ನ್ಯಾಗ ಕೈ ಹಾಕಿ ಟಕ್ ಅಂತ ಸರಿ ಮಾಡಿದವ ನೀನ ಅಲ್ಲೇನು? ಇಲ್ಲೂ ಹಂಗ ಮಾಡಬೇಕಿಲ್ಲೋ. ನಮ್ಮ ಮಂದೀನೂ ಚಪ್ಪಾಳಿ ಹೊಡೀತಿದ್ರು."

ಅವನ ಅಂಗಡಿಯ ಅಷ್ಟೂ ಮಂದಿಗೆ ಆ ವಿಡಿಯೋ ಬಂದಿತ್ತು. ಚಹಾ ಕುಡಿಸಿ ಕಳಿಸಿದ, ಅದಕ್ಕೂ ನಗುತ್ತಲೇ ಸಕ್ಕರೆ ಹಾಕಿದ.

ಬಾಕ್ಸು ತಂದು ಮತ್ತೆ ಏರಿಸಿದೆ. ಮಾರ್ಕೆಟ್ಟಿನ ರಸ್ತೆಯಲ್ಲಿ ಒಂದು ಸುತ್ತು ಹಾಕಲು ಹೊರಟೆ, ಫಸ್ಟಿನಿಂದ ಸೆಕೆಂಡಿಗೆ ದಾಟಿಸುವಾಗ ಟಣ್ ಅಂತ ಅದೇ ಹಾಡು. ಚೀಲ ಹೊತ್ತ ಹಮಾಲರು ನಿಂತು ನೋಡಿದರು. ಒಬ್ಬ, "ಬಣ್ಣ ನಮ್ಮ ಬ್ಯಾಡಗಿ ಕಾಯಿದು ಐತ್ರಿ. ಖಾರಾನೂ ಅಷ್ಟ, ಇಲ್ಲ" ಅಂದ. ಅವರ ಮೇಲಿನ ಚೀಲಗಳೂ ನಕ್ಕಂತೆ ಕಂಡವು. ನಾಲ್ಕು ಮಂದಿ ಸೇರಿ ಲಾರಿ ದೂಡಿಕೊಂಡು ಗ್ಯಾರೇಜಿಗೆ ತಂದೆವು. ಅವತ್ತು ಗುರುವಾರ. ಶನಿವಾರ ಎಷ್ಟು ದೂರವಿದೆ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ, ಆದರೂ ಬಂದವರೆಲ್ಲ ಹೇಳಿದರು.

ಗುರುವಾರ ಅಮಾವಾಸ್ಯೆಯೂ ಆಗಿತ್ತು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿಗಳಿಗೆ ಪೂಜೆ. ಸಂಜೆ ಮುಂದೆ ಸಾವ್ಕಾರರ ಹೆಂಡತಿ ತಾಟಿನಲ್ಲಿ ನಿಂಬೆಹಣ್ಣು, ವಿಭೂತಿ, ಊದಿನಕಡ್ಡಿ, ಅರಿಷಿಣ ಹಚ್ಚಿದ ದಾರ ಹಿಡಿದುಕೊಂಡು ಗ್ಯಾರೇಜಿಗೇ ಬಂದರು. ಹಿಂದೆ ಮಗ, ಇಸ್ತ್ರಿ ಮಾಡಿದ ಬಿಳೀ ಅಂಗಿಯಲ್ಲಿ.

"ಬಾನೆಟ್ ಎತ್ತು ತಮ್ಮಾ" ಅಂದರು.

"ಅವ್ವಾರ, ಇಲ್ಲೇ ಮುಂದ ಮಾಡ್ರಿ, ಒಳಗ ಗ್ರೀಸ್ ಐತಿ."

"ನೀ ಎತ್ತು."

ಎತ್ತಿದೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಳಗೆ ನೋಡದೆಯೇ, ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೆ ಕೈ ಹೋದ ಹಾಗೆ ಅವರ ಕೈ ಸ್ಟೇರಿಂಗಿನ ಬುಡಕ್ಕೆ ಹೋಯಿತು. ಅಲ್ಲೇ ನಿಂತಿತು. ಆ ಕಡೆ ಈ ಕಡೆ ತಡಕಾಡಿತು.

"ನನ್ನ ದಾರ ಎಲ್ಲಿ ಹೋದುವು?"

"ಯಾವ ದಾರ್ರಿ?"

"ಅಮಾಸಿಗೊಮ್ಮೆ ಕಟ್ಟಿದ್ದು! ಎಲ್ಲಾ ಇಲ್ಲೇ ಇದ್ದುವಲ್ಲ!"

ಮಗ ಅಂದ, "ಅವ್ವಾ, ಹೊಲಸು ಇತ್ತಂತ. ಸ್ಟುಡಿಯೋದವರು ಸ್ವಚ್ಛ ಮಾಡ್ಯಾರ."

"ಹೊಲಸು? ನಮ್ಮತ್ತಿ ಕಟ್ಟಿದ್ದೂ ಅದರಾಗ ಇದ್ದುವೋ! ನನಗ ಮೊದಲನೇ ಅಮಾಸಿಗೇ ಹೇಳಿದ್ರು, ಹಳೇದು ಹರೀಬ್ಯಾಡ, ಅದರ ಮ್ಯಾಲೆ ಸುತ್ತು ಅಂತ. ಹಂಗ ಸುತ್ಕೋತ ಬಂದೇನಿ."

ನಾನು ಕೇಳಿದೆ, "ಮಂದಿ ಬಂಪರಿಗೆ ಕಟ್ತಾರಲ್ರಿ ಅವ್ವಾರ. ನೀವ್ಯಾಕ ಅಲ್ಲಿ ಒಳಗ?"

"ಬಂಪರಿಗೆ ಕಟ್ಟಿದ್ದು ಮಾರ್ಕೆಟ್ಟಿನ ದನ ತಿಂತಿದ್ದುವು ತಮ್ಮಾ. ಹೂವಿನ ಸಂಗಾಟ ದಾರಾನೂ. ದನದ ಬಾಯಿ ಮುಟ್ಟದಲ್ಲೆ ಕಟ್ಟು ಅಂದ್ರು ನಮ್ಮತ್ತಿ. ಎರಡು ಕಡ್ಡಿ ಕೂಡೂ ಜಾಗಾ, ಗಟ್ಟಿ ನಿಲ್ಲತೈತಿ ಅಂತ ಅಲ್ಲಿ ಕಟ್ಟಿದ್ವಿ."

ಎರಡು ಕಡ್ಡಿ ಕೂಡೂ ಜಾಗಾ. ನಾನು ಅವರನ್ನು ಪಕ್ಕಕ್ಕೆ ಸರಿಯಲು ಹೇಳಿ, ಕೈ ಇಳಿಬಿಟ್ಟು, ತೋಳಿನ ತೂತಿಗೆ ಕಂಬಿಯ ತುದಿ ಸೇರುವಲ್ಲಿ ಬೆರಳಿಟ್ಟೆ. ಎರಡು ದಿನದ ಓಡಾಟಕ್ಕೆ ಹೊಸ ಬಣ್ಣ ಅಲ್ಲಿ ಉದುರಿತ್ತು. ಅಲುಗಿಸಿದೆ. ಲಟಲಟ ಅಂತ ಅಲುಗಿತು. ಟಾರ್ಚು ಹಿಡಿದೆ. ದುಂಡಗಿರಬೇಕಾದ ತೂತು ಸವೆದು ಸವೆದು ಬದನೆಕಾಯಿಯ ಹಾಗೆ ಉದ್ದವಾಗಿತ್ತು. ಅದರಲ್ಲಿ ಕಂಬಿಯ ತುದಿ ಮನೆಯಳಿಯನ ಹಾಗೆ ಆರಾಮಾಗಿ ಹೊರಳಾಡುತ್ತಿತ್ತು. ಇನ್ನು ಒಂದು ತೋಳು ಹೊರಟರೆ ಇನ್ನೊಂದು ಸುಮ್ಮನೆ ನಿಲ್ಲುವುದೆಲ್ಲಿಂದ ಬಂತು?

ಇದು ನಿನ್ನೆ ಮೊನ್ನೆ ಸವೆದದ್ದಲ್ಲ. ಅತ್ತೆಯ ಕಾಲದಿಂದ ಸವೆಯುತ್ತಿತ್ತು. ಸವೆದಷ್ಟೂ ಜಾಗಕ್ಕೆ ಅಮಾವಾಸ್ಯೆಗೊಮ್ಮೆ ದಾರ ಬೀಳುತ್ತಿತ್ತು. ಅದರ ಮೇಲೆ ನನ್ನ ಎಣ್ಣೆ, ಎಣ್ಣೆಯ ಮೇಲೆ ಮಾರ್ಕೆಟ್ಟಿನ ಮೆಣಸಿನಕಾಯಿ ಧೂಳು, ಮತ್ತೆ ದಾರ. ಎಲ್ಲ ಕೂಡಿ ಫೋಟೋದ ಆ ಕರೀ ಉಂಡೆಯಾಗಿ, ತೆಂಗಿನ ಚಿಪ್ಪಿನಷ್ಟು ಗಟ್ಟಿಯಾಗಿ ಕೂತು ಕಂಬಿಯನ್ನು ಅಲುಗದ ಹಾಗೆ ಹಿಡಿದಿತ್ತು. ತೂತಿನಲ್ಲಿ ಕಂಬಿ ಅಲುಗದ ಹಾಗೆ ಕೂರಿಸುವ ಬಳೆಗೆ ನಾವು ಬುಷ್ ಅನ್ನುತ್ತೇವೆ, ಇದು ಯಾವ ಕಾರ್ಖಾನೆಯಲ್ಲೂ ಸಿಗದ ಬುಷ್. ಸ್ಟುಡಿಯೋದವರು ಅದನ್ನು ಬ್ಲೇಡು ಹಾಕಿ ಕೆರೆದು, ತೊಳೆದು, ಫೋಟೋ ಹೊಡೆದು, ಕಸದ ಬುಟ್ಟಿಗೆ ಹಾಕಿದ್ದರು.

ಸಣ್ಣ ಸಾವ್ಕಾರ ಟಾರ್ಚ್ ಬೆಳಕಿನಲ್ಲಿ ತಾನೂ ಬಗ್ಗಿ ನೋಡಿದ. "ಅಂದ್ರ ಕಾಕಾ, ನಮ್ಮ ಲಾರಿ ಇಷ್ಟು ವರ್ಷ ಅವ್ವನ ದಾರದ ಮ್ಯಾಲೆ ಓಡಿತೇನು?"

"ದಾರದ ಮ್ಯಾಲೆ, ಮತ್ತ ನನ್ನ ಎಣ್ಣಿ ಮ್ಯಾಲೆ" ಅಂದೆ. ನನ್ನ ಪಾಲು ನಾನು ಬಿಡುವವನಲ್ಲ.

ಅವ್ವಾರು ಮಾತ್ರ ನಗಲಿಲ್ಲ. "ಅತ್ತಿ ಕಟ್ಟಿದ್ದು ಹೋತು" ಅಂದುಕೊಂಡು ತಾಟು ಬೆಂಚಿನ ಮೇಲಿಟ್ಟು ಕೂತರು.

ಶುಕ್ರವಾರ ಮತ್ತೆ ರಾಣೆಬೆನ್ನೂರು. ಈ ಸಲ ಬರೀ ಎರಡು ತೋಳು ಬಿಚ್ಚಿಕೊಂಡು ಹೋಗಿದ್ದೆ. ದೋಸ್ತ ತೂತುಗಳನ್ನು ಮತ್ತೆ ದುಂಡಗೆ ಕೊರೆದು, ಹಿತ್ತಾಳಿಯ ಬುಷ್ ಕಡೆದು ಒತ್ತಿ ಕೂರಿಸಿದ. ದಾರದ ಕಥೆ ಕೇಳಿ ಲೇತು ನಿಲ್ಲಿಸಿ ಕೂತು ನಕ್ಕ. "ಈ ಹಿತ್ತಾಳಿ ಎಷ್ಟು ದಿನ ಬರತೈತೋ ಗೊತ್ತಿಲ್ಲಪಾ. ನಾನೇನು ಅಮಾಸಿ ಅಮಾಸಿಗೆ ಬರಾಂಗಿಲ್ಲ" ಅಂದ. ಬೇಕಾಗಬಹುದು ಅಂತ ಒಂದು ಬುಷ್ ಹೆಚ್ಚಿಗೆ ಮಾಡಿಕೊಟ್ಟ.

ಸಂಜೆ ಜೋಡಿಸಲು ಕೂತೆವು. ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಎರಡೂ ತೋಳುಗಳನ್ನು ನ್ಯೂಟ್ರಲ್ಲಿನಲ್ಲಿ ಒಂದೇ ಸಮಕ್ಕೆ ತಂದು, ಎರಡರ ತೂತಿನೊಳಗಿಂದಲೂ ಒಂದು ಪಿನ್ನು ತೂರಿಸಿ ಹಿಡಿಯಬೇಕು. ಕೆಳಗೆ ಬಾಕ್ಸನ್ನೂ ನ್ಯೂಟ್ರಲ್ಲಿನಲ್ಲಿ ಇಡಬೇಕು. ಆಮೇಲೆ ಕಂಬಿಗಳ ಉದ್ದವನ್ನು ಎಳೆಯದೆ, ದೂಡದೆ, ತಾನೇ ಹೋಗಿ ಕೂಡುವಷ್ಟು ಹೊಂದಿಸಿ ನಟ್ಟು ಬಿಗಿಯಬೇಕು. ಮೇಲೆ ಪಿನ್ನು ಹಿಡಿಯಲು ಒಬ್ಬ ಬೇಕು. ಸಣ್ಣ ಸಾವ್ಕಾರ ಅಂಗಿಯ ತೋಳು ಮಡಚಿ ಬಾನೆಟ್ಟಿನೊಳಗೆ ಹೊಟ್ಟೆಯ ಮೇಲೆ ಬಿದ್ದ. ಅಲ್ಲಿ ಅವ್ವಾರ ಕೈಯ ಅರಿಷಿಣ, ನನ್ನ ಗ್ರೀಸು ಎರಡೂ ಹೊಸದಾಗಿದ್ದವು, ಅಂಗಿ ಕೆಲಸಕ್ಕೆ ಬಾರದ ಹಾಗಾಯಿತು.

"ಬಿಡ್ಲೇನು ಕಾಕಾ?"

"ಬಿಡಬ್ಯಾಡ."

"ಈಗ?"

"ನಿನ್ನ ಮದುವ್ಯಾಗೂ ಹಿಂಗ ಅವಸರ ಮಾಡಿದ್ದಿ. ಹಿಡ್ಕೋ."

ಕಡೆಯ ನಟ್ಟು ಬಿಗಿದ ಮೇಲೆ ಪಿನ್ನು ಎಳೆ ಅಂದೆ. ಬೆಣ್ಣೆಯಿಂದ ಕೂದಲು ಬಂದ ಹಾಗೆ ಬಂತು. ಹತ್ತಿ ಕೂತು ಫಸ್ಟು, ಸೆಕೆಂಡು, ಟಾಪು, ಮತ್ತೆ ಕೆಳಗೆ, ಹಾಕಿ ನೋಡಿದೆ. ಸಣ್ಣ ಸಾವ್ಕಾರ ಮುಖಕ್ಕೆ ಮಸಿ ಹಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದ. "ಇವತ್ತು ಬಿದ್ದುವು. ನಾಳೆ ಮಾಲು ಹೇರಿದ ಮ್ಯಾಲೆ ಮಾತಾಡೂಣು" ಅಂದೆ. ನನ್ನ ದೊಡ್ಡ ಮಾತುಗಳ ದಾಸ್ತಾನು ಅಷ್ಟೊತ್ತಿಗೆ ತೀರಿತ್ತು.

ಶನಿವಾರ ಬೆಳಿಗ್ಗೆ ಕದರಮಂಡಲಗಿಯ ಹೊಲದಲ್ಲಿ ಚೀಲ ಹೇರಿದರು. ಅವ್ವಾರು ಮತ್ತೆ ಬಾನೆಟ್ ಎತ್ತಿಸಿದರು, ಕೈಯಲ್ಲಿ ಹೊಸ ದಾರ.

"ಅವ್ವಾರ, ಇನ್ನ ಅಲ್ಲಿ ಬ್ಯಾಡ್ರಿ. ಹೊಸಾ ಬುಷ್ ಐತಿ, ದಾರ ತೊಡರಿದ್ರ ಕಷ್ಟ."

"ಇಷ್ಟು ವರ್ಷ ತೊಡರಿತ್ತೇನು?"

ನಾನು ಬಾನೆಟ್ ಇನ್ನಷ್ಟು ಎತ್ತಿ ಹಿಡಿದೆ. ಅವರು ಕಟ್ಟಿದರು. ಸಡಿಲಾಗಿ ಕಟ್ಟಿರಿ ಅಂತಲೂ ಹೇಳಲಿಲ್ಲ, ಹೇಳಿದ್ದರೆ ಇನ್ನೊಂದು ಸುತ್ತು ಜಾಸ್ತಿ ಹಾಕುತ್ತಿದ್ದರು.

ಸಾವ್ಕಾರರು ಹತ್ತಲು ಬಂದು ಡ್ರೈವರ್ ಸೀಟಿನ ಮುಂದೆ ನಿಂತರು. ಎಡಗಾಲು ಕ್ಲಚ್ಚು ಒತ್ತುವ ಹಾಗಿಲ್ಲ, ಅವರಿಗೂ ಗೊತ್ತು. ನಾನು ಚಕ್ರ ಹಿಡಿದು ಕೂತೆ, ಅವರನ್ನು ನಡುವೆ ಕೂರಿಸಿದೆವು, ಆ ಕಡೆಗೆ ಅವ್ವಾರು. ಮಗ ಹಿಂದೆ ಕಾರಿನಲ್ಲಿ. ನಾನು ಎಡಗೈ ಗೇರಿಗೆ ಒಯ್ದೆ. ಸಾವ್ಕಾರರ ಬಲಗೈ ಆಗಲೇ ಅಲ್ಲಿತ್ತು.

"ನೀ ಕ್ಲಚ್ ಒತ್ತು" ಅಂದರು.

ಹೀಗೆ ಹೊರಟೆವು. ಚಕ್ರ ನನ್ನದು, ಕಾಲು ನನ್ನದು, ಗೇರು ಅವರದು. ನೆಲದಿಂದ ಗೇರು ಎದ್ದಿರುವ ಗಾಡಿಯಲ್ಲಿ ಹೀಗೆ ಕೂಡಲೂ ಆಗುತ್ತಿರಲಿಲ್ಲ.

"ಸಾವ್ಕಾರ್ರ, ಹೇಳಿ ಹಾಕ್ರಿ."

"ಏನ್ ಹೇಳೋದು? ಇಂಜಿನ್ ಹೇಳಾಕತ್ತೈತಲ್ಲ. ಲಗೂ ಒತ್ತು."

ನಾನು ಒತ್ತುವುದರೊಳಗೆ ಅವರು ಎಳೆಯುತ್ತಿದ್ದರು. ಅವ್ವಾರು, "ಜಗಳ ಆಡಬ್ಯಾಡ್ರಿ, ಗುಡಿ ಬಂತು" ಅಂದರು. ಆಂಜನೇಯನ ಮುಂದೆ ಕಾಯಿ ಒಡೆಸಿದೆವು. ಮತ್ತೆ ಫಸ್ಟು, ಸೆಕೆಂಡು, ಟಾಪು. ದಾರಿಯುದ್ದಕ್ಕೂ ನನ್ನ ಕಿವಿ ಮಾತ್ರ ಬಾನೆಟ್ಟಿನೊಳಗಿತ್ತು.

ಖರೇ ಪರೀಕ್ಷೆ ಮಾರ್ಕೆಟ್ಟಿನ ಗೇಟಿನ ಮುಂದೆ. ಹಂಗಾಮಿನ ದಿನ, ಮಾಲು ಹೇರಿದ ಗಾಡಿಗಳ ಸಾಲು ರಸ್ತೆಗೆ ಬಂದಿತ್ತು. ಎರಡು ಹೆಜ್ಜೆ ಹೋಗು, ನಿಲ್ಲು, ಮತ್ತೆ ಎರಡು ಹೆಜ್ಜೆ. ನಿಂತಾಗಲೆಲ್ಲ ನ್ಯೂಟ್ರಲ್ಲು, ಹೊರಟಾಗಲೆಲ್ಲ ಫಸ್ಟು, ಸೆಕೆಂಡಿಗೆ ದಾಟು, ಮತ್ತೆ ವಾಪಸ್ಸು. ಸಿಕ್ಕಿಕೊಳ್ಳುವುದಿದ್ದರೆ ಇಲ್ಲೇ. ಖಾರದ ಘಾಟಿಗೆ ಕಾರಿನಲ್ಲಿದ್ದ ಮಗ ಸೀನುವುದು ನಮಗೆ ಕೇಳಿಸುತ್ತಿತ್ತು. ಗೇಟಿನ ಏರಿನಲ್ಲಿ ಮುಂದಿನ ಗಾಡಿ ಥಟ್ಟನೆ ಹೊರಟಿತು. ಸಾವ್ಕಾರರು ನನಗೆ ಹೇಳದೆಯೇ ಫಸ್ಟಿನಿಂದ ಸೆಕೆಂಡಿಗೆ ಎತ್ತಿದರು. ನಾನು ಹೇಗೋ ಕ್ಲಚ್ಚು ಮುಟ್ಟಿದ್ದೆ. ಗೇರು ಬಿತ್ತು. ಸದ್ದೂ ಆಗಲಿಲ್ಲ. ಲಾರಿ ಗೇಟು ದಾಟಿ ಒಳಗೆ ಹೋಯಿತು.

ಅವತ್ತಿನ ಅದೇ ಹಮಾಲ ಚೀಲ ಇಳಿಸಲು ಬಂದವನು, "ಈಗ ಖಾರಾನೂ ಬಂದೈತ್ರಿ!" ಅಂತ ಕೂಗಿದ. ಸಾವ್ಕಾರರು ಕೇಳಿಸಿಕೊಂಡರೋ ಇಲ್ಲವೋ. ಇಂಜಿನ್ ಬಂದ್ ಮಾಡಿ, ಚೀಲ ಇಳಿದು, ತೂಕವೂ ಆದಮೇಲೂ ಅವರ ಕೈ ಗೇರಿನ ಮೇಲೆಯೇ ಇತ್ತು. ಮಗ ಕಿಟಕಿಯ ಹತ್ತಿರ ಬಂದು, ಮೂಗು ಒರೆಸಿಕೊಂಡು, "ಅಪ್ಪಾ, ಇಳೀತೀಯೇನು?" ಅಂದ. "ಇನ್ನೊಂದು ಸುತ್ತು ಹಾಕಿ ಇಳೀತೀನಿ" ಅಂದರು.

ಹೋಟೆಲಿನ ಕಟ್ಟೆ ಬರಿದೇ ಉಳಿಯಿತು. ಲೈಟು ಹಾಕಿಸಿಯಾಗಿತ್ತು, ಏನಾದರೂ ಕೂರಿಸಲೇಬೇಕು. ಸಣ್ಣ ಸಾವ್ಕಾರ ಅದರ ಮೇಲೆ ಒಂದು ಸಿಮೆಂಟಿನ ಮೆಣಸಿನಕಾಯಿ ಮಾಡಿಸಿದ್ದಾನೆ, ಆಳೆತ್ತರದ್ದು. ಹೈವೇ ಮೇಲೆ ಹೋಗುವ ಮಂದಿ ಇಳಿದು ಅದನ್ನು ತಬ್ಬಿಕೊಂಡು ಫೋಟೋ ಹೊಡೆಸಿಕೊಳ್ಳುತ್ತಾರೆ. ದೂರದಿಂದ ನೋಡಿದರೆ ಗಜ್ಜರಿ, ಪ್ಯಾಟೆಯವರ ಕ್ಯಾರೆಟ್ಟು. ಲಾರಿ ಶನಿವಾರ ಶನಿವಾರ ಊರೊಳಗೆ ಒಂದು ಸುತ್ತು ಹೋಗುತ್ತದೆ, ನಾವು ಮೂವರೂ ಅದೇ ಬೆಂಚಿನ ಮೇಲೆ, ಕ್ಲಚ್ಚಿಗೂ ಗೇರಿಗೂ ಅದೇ ಜಗಳ. ಅಮಾವಾಸ್ಯೆಗೆ ಬಾನೆಟ್ ಎತ್ತುವವನು ನಾನೇ.

ಈಗ ನನ್ನ ಹತ್ತಿರ ಇರುವುದು: ತಗಡಿನ ಸೂರಿನ ಒಂದು ಗ್ಯಾರೇಜು, ಎರಡು ಜ್ಯಾಕು, ಮೂರು ಪೆಟ್ಟಿಗೆ ಪಾನಾ, ಒಬ್ಬಳು ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ನಗಲು ಕಾಯುವ ಒಬ್ಬ ದೋಸ್ತ, ಒಂದು ಹೆಚ್ಚಿಗೆಯ ಹಿತ್ತಾಳಿ ಬುಷ್, ಮತ್ತು ಸಾವ್ಕಾರರು ಕೊಟ್ಟ ಆ ಲಾರಿಯ ಎರಡನೆಯ ಚಾವಿ.